ಹೆಬ್ಬೆಟ್ಟಿನ ಮೇಲೆ ಕೋಳಿಕಾಲು

ಸ್ವೀಡನ್ ಗಡಿಗೆ ಅಂಟಿಕೊಂಡಿದ್ದ ಆ ಕಣಿವೆಯಲ್ಲಿ ಹೆಂಗಸರಿಗೆಲ್ಲ ಓದುಬರಹ ಬರುತ್ತಿತ್ತು. ಆದರೂ ಅವರ ರುಜು ಇರುತ್ತಿದ್ದದ್ದು ಹೆಬ್ಬೆಟ್ಟಿನಲ್ಲೇ. ಕರಿ ಬಿಳಿ ಉಣ್ಣೆಯಲ್ಲಿ ಅವರು ಹೆಣೆಯುತ್ತಿದ್ದ ಕೈಗವಸುಗಳ ಬೆನ್ನಿನ ಮೇಲೆ ಎಲ್ಲರದೂ ಒಂದೇ ಎಂಟೆಸಳಿನ ಹೂವು. ಹೆಬ್ಬೆರಳಿನ ಮೇಲೆ ಮಾತ್ರ ಒಬ್ಬೊಬ್ಬಳದು ಒಂದೊಂದು ಗುರುತು. ಒಬ್ಬಳದು ಏಣಿ, ಒಬ್ಬಳದು ಮರದ ಕುಡಿ, ಒಬ್ಬಳದು ಮೀನಿನ ಮುಳ್ಳು. ಕೈಗವಸುಗಳನ್ನು ಕೊಂಡು ಪಟ್ಟಣಕ್ಕೆ ಸಾಗಿಸುತ್ತಿದ್ದ ಅಂಗಡಿಯ ಹಾಲ್‌ಸ್ತೇನ್‌ಗೆ, ಎಳೆ ಬಿಚ್ಚಿಕೊಂಡರೆ ಯಾರನ್ನು ಬಯ್ಯಬೇಕೆಂದು ತಿಳಿಯಲು ಈ ಗುರುತು ಬೇಕಾಗಿತ್ತು. ಹೆಂಗಸರಿಗೆ ಬೇಕಾಗಿದ್ದದ್ದು ಬೇರೆ ಕಾರಣಕ್ಕೆ. ಕರೆದ ಹಾಲು ಕುಡಿದು ಮುಗಿಯುತ್ತಿತ್ತು, ಸುಟ್ಟ ರೊಟ್ಟಿ ತಿಂದು ಮುಗಿಯುತ್ತಿತ್ತು, ಬೆಳಿಗ್ಗೆ ತಿಕ್ಕಿದ ನೆಲ ಸಂಜೆಗೆ ಮತ್ತೆ ಕೊಳೆಯಾಗುತ್ತಿತ್ತು. ದಿನವಿಡೀ ಮಾಡಿದ್ದರಲ್ಲಿ ‘ಇದು ನನ್ನದು’ ಎಂದು ಬೊಟ್ಟುಮಾಡಿ ತೋರಿಸಲು ಉಳಿಯುತ್ತಿದ್ದದ್ದು ಆ ಹೆಬ್ಬೆಟ್ಟೊಂದೇ.

ದೋರ್ದಿ ಹುಟ್ಟಿದ್ದು ಕಡಲ ದಂಡೆಯಲ್ಲಿ. ಬಲೆ ಕಟ್ಟಲು ಬರುತ್ತಿತ್ತು, ಮೀನು ಸೀಳಿ ಉಪ್ಪು ಹಾಕಲು ಬರುತ್ತಿತ್ತು. ಉಣ್ಣೆಯ ಕೆಲಸ ಗೊತ್ತಿರಲಿಲ್ಲ. ಹತ್ತೊಂಬತ್ತಕ್ಕೆ ಎಸ್ತೆನ್‌ನ ಕೈಹಿಡಿದು ಕಣಿವೆಯ ಮೇಲ್ತುದಿಯ ಮನೆಗೆ ಬಂದಾಗ ಅಲ್ಲಿ ಅತ್ತೆ ಇರಲಿಲ್ಲ. ಅತ್ತೆಯಿಲ್ಲದ ಸೊಸೆ ಅದೃಷ್ಟವಂತೆ ಎಂದು ಊರು ಹೇಳಿತು. ಆದರೆ ಉಪ್ಪಿನ ಡಬ್ಬ ಎಲ್ಲಿದೆ, ಯಾವ ಹಸು ಒದೆಯುತ್ತದೆ ಎಂದು ಹೇಳುವವರೂ ಅಲ್ಲಿರಲಿಲ್ಲ. ಬೇಲಿಯಾಚೆಯ ವಿಧವೆ ಒಲೀನ ಬಂದಳು. ಒಂದು ಹಸು, ಆರು ಕುರಿ, ಯಾರಿಗೂ ಹೆದರದ ನಾಲಿಗೆ, ಇಷ್ಟು ಅವಳ ಆಸ್ತಿ. ದೋರ್ದಿ ಹೆಣೆದ ಮೊದಲ ಕೈಗವಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಏನೇ ಇದು? ಕೈಗೆ ಹಾಕ್ಕೊಳೋಕಾ, ಮೀನು ಹಿಡಿಯೋಕಾ?”

“ಅಷ್ಟು ತೂತಿದ್ಯಾ, ಒಲೀನಮ್ಮ?”

“ಸಣ್ಣ ಮೀನು ತಪ್ಪಿಸ್ಕೊಳುತ್ತೆ, ದೊಡ್ಡದು ಸಿಕ್ಕುತ್ತೆ. ನಿನ್ನ ಕೈ ಸಡಿಲ ಕಣೇ. ಬಿಗಿ ಹಿಡಿ. ನಿನ್ನ ಗುರುತು ಆಮೇಲೆ ಮಾಡ್ಕೋ, ಈಗ ನನ್ನ ಕೋಳೀನೇ ನಡೆಸು.”

ಒಲೀನಳ ಗುರುತು ಕೋಳಿಕಾಲು. ಬಿಳಿಯ ಮೇಲೆ ಮೂರು ಕರಿ ಗೀರು. ಎರಡು ಚಳಿಗಾಲ ದೋರ್ದಿ ಅದನ್ನೇ ಹೆಣೆದು ಬಿಚ್ಚಿದಳು, ಬಿಚ್ಚಿ ಹೆಣೆದಳು. ಮೂರನೆಯ ವರ್ಷ ಮೀನಿನ ಮುಳ್ಳನ್ನು ತನ್ನದಾಗಿ ಮಾಡಿಕೊಂಡಳು. ಕೈಯ ಸಡಿಲು ಮಾತ್ರ ಪೂರ್ತಿ ಹೋಗಲಿಲ್ಲ. ಇನ್ನೊಂದೂ ಹೋಗಲಿಲ್ಲ. ಕೂತು, ಕಣ್ಣಿಟ್ಟು ಹೆಣೆದರೆ ಮೀನಿನ ಮುಳ್ಳೇ ಬರುತ್ತಿತ್ತು. ಆದರೆ ಕೂರಲು ಯಾರಿಗೆ ಬಿಡುವಿತ್ತು? ಬೆನ್ನಿಗೆ ಹುಲ್ಲಿನ ಹೊರೆ ಕಟ್ಟಿಕೊಂಡು ನಡೆಯುತ್ತ, ಗಂಜಿ ಉಕ್ಕದಂತೆ ಕಾಯುತ್ತ, ಕಾಲಿನಿಂದ ತೊಟ್ಟಿಲು ತೂಗುತ್ತ ಹೆಣೆದಾಗ ಬೆರಳುಗಳು ಅವಳನ್ನು ಕೇಳದೆ ಮೊದಲು ಕಲಿತದ್ದಕ್ಕೆ ಮರಳುತ್ತಿದ್ದವು. ಎರಡು ಮೂರು ಸಲ ಹಾಲ್‌ಸ್ತೇನ್ ಅಂಗಡಿಯಲ್ಲಿ ನಕ್ಕಿದ್ದ. “ಏನು ದೋರ್ದಿ, ಒಲೀನಮ್ಮನ ಕೋಳಿ ನಿಮ್ಮನೆಗೆ ಮೇಯೋಕೆ ಬಂದಿತ್ತಾ?” ಅವಳು ನಾಚಿ ಹೆಬ್ಬೆರಳನ್ನು ಬಿಚ್ಚಿ ಮತ್ತೆ ಹೆಣೆದು ಕೊಟ್ಟಿದ್ದಳು.

ಜರ್ಮನರು ಬಂದರು. ರೇಡಿಯೋ ಹೋಯಿತು, ಕಾಫಿ ಹೋಗಿ ಸುಟ್ಟ ಬಾರ್ಲಿಯ ನೀರು ಬಂತು. ಮಕ್ಕಳು ಅಣಕಕ್ಕೆ ಕೆಂಪು ಟೊಪ್ಪಿಗೆ ಹಾಕಿಕೊಂಡು ಶಾಲೆಗೆ ಹೋದರೆಂದು ಟೊಪ್ಪಿಗೆಯನ್ನೂ ನಿಷೇಧಿಸಿದರು. ದೋರ್ದಿ ದೊಡ್ಡ ಮಗಳು ಸಿಗ್ನೆಯ ಟೊಪ್ಪಿಗೆ ಬಿಚ್ಚಿ ಅದರ ಎಳೆಯಿಂದ ಕಾಲುಚೀಲದ ಅಂಗಾಲು ಹೆಣೆದಳು. ಜರ್ಮನರು ಬಂದ ಮೂರನೆಯ ವರ್ಷದ ಶರತ್ಕಾಲದಲ್ಲಿ ಎಸ್ತೆನ್ ಅವರಿಂದ ತಲೆಮರೆಸಿಕೊಂಡವರನ್ನು ಗಡಿ ದಾಟಿಸತೊಡಗಿದ.

ತಿಂಗಳಿಗೆ ಎರಡು ಸಲ ಅವನು ಸ್ಕೀ ಕಟ್ಟಿಕೊಂಡು ಬೆಟ್ಟ ಹತ್ತುತ್ತಿದ್ದ. ಮಿಕ್ಕ ದಿನಗಳ ಕೆಲಸವೆಲ್ಲ ದೋರ್ದಿಯದು. ಬಂದವರ ಒದ್ದೆ ಬಟ್ಟೆ ಒಲೆಯ ಮೇಲೆ ಹರವಬೇಕು, ಆದರೆ ಹೊರಗಿನಿಂದ ಎಣಿಸುವಷ್ಟು ಹರವಬಾರದು. ಆರು ಜನರ ಆಲೂಗಡ್ಡೆಯಲ್ಲಿ ಹತ್ತು ಜನರಿಗೆ ಬಡಿಸಬೇಕು. ಹುಲ್ಲಟ್ಟದಲ್ಲಿ ಅಡಗಿದವರು ಕೆಳಗಿಳಿಯುವಂತಿಲ್ಲ, ಅವರ ಮಲದ ಬಕೆಟ್ಟನ್ನು ಸಗಣಿಯ ಜೊತೆ ಸಾಗಿಸಬೇಕು. ಕೆರೆಯ ಮಂಜುಗಡ್ಡೆ ಒಡೆದು ಅವರ ಹಾಸಿಗೆ ಬಟ್ಟೆ ಒಗೆಯಬೇಕು. ಎಸ್ತೆನ್ ಹೊರಟ ಮಾರನೆಯ ಬೆಳಿಗ್ಗೆ ಹುಲ್ಲಿನ ಜಾರುಬಂಡಿಯನ್ನು ಅವನ ಸ್ಕೀ ಗೆರೆಯ ಮೇಲೆ ಎಳೆದು ಹಾದಿ ಅಳಿಸಬೇಕು. ಎಸ್ತೆನ್ ಮರಳಿ ಬಂದು ಒಂದು ಹಗಲು ಒಂದು ಇರುಳು ನಿದ್ದೆ ಮಾಡುತ್ತಿದ್ದ. ಅವಳು ಮಕ್ಕಳಿಗೆ “ಶ್, ಅಪ್ಪನಿಗೆ ಸುಸ್ತಾಗಿದೆ” ಎನ್ನುತ್ತಿದ್ದಳು.

ನವೆಂಬರಿನಲ್ಲಿ ಪಟ್ಟಣದ ಹೆಂಗಸೊಬ್ಬಳು ಎರಡು ವರ್ಷದ ಹೆಣ್ಣುಮಗುವಿನೊಂದಿಗೆ ಬಂದಳು. ಯಹೂದಿಗಳನ್ನು ಮನೆಮನೆಯಿಂದ ಎಳೆದೊಯ್ಯುತ್ತಿದ್ದ ವಾರ ಅದು. ಅವಳ ಗಂಡನನ್ನು ಆಗಲೇ ಹಿಡಿದಿದ್ದರು. ಅವಳ ಕೈಯಲ್ಲಿದ್ದದ್ದು ಹಬ್ಬಕ್ಕೆ ಹಾಕುವ ತೆಳು ಚರ್ಮದ ಕೈಗವಸು. ಅದನ್ನು ಹಾಕಿಕೊಂಡು ಬೆಟ್ಟ ದಾಟಿದರೆ ಬೆರಳುಗಳು ಆ ಕಡೆ ಸೇರುತ್ತಿರಲಿಲ್ಲ. ಹಿಮಗಾಳಿ ಎರಡು ದಿನ ಹಾದಿ ಕಟ್ಟಿತು. ಆ ಎರಡು ದಿನದಲ್ಲಿ ದೋರ್ದಿ ಅವಳಿಗೆ ಕೈಗವಸು ಹೆಣೆದಳು. ಕೊಟ್ಟಿಗೆಗೆ ಹೋಗುತ್ತ ಬರುತ್ತ, ಮಗುವಿನ ಕೆಮ್ಮಿಗೆ ಹಾಲು ಕಾಯಿಸುತ್ತ.

“ನಿಮ್ಮ ಹೆಸರು ಕೇಳಬಹುದಾ?” ಎಂದಳು ಆ ಹೆಂಗಸು.

“ಬೇಡಮ್ಮ. ನಾನೂ ನಿಮ್ಮದನ್ನ ಕೇಳಲ್ಲ.”

ಎರಡನೆಯ ದಿನ ಗಾಳಿ ಇಳಿಯಿತು. ಮಧ್ಯಾಹ್ನ ಮೂರಕ್ಕೇ ಮಬ್ಬು ಕವಿಯುವ ಕಾಲ. ಎಸ್ತೆನ್ ಬಾಗಿಲಲ್ಲಿ ನಿಂತು ಚಡಪಡಿಸಿದ.

“ಇನ್ನೂ ಮುಗೀಲಿಲ್ವಾ? ಒಂದು ಕೈಗವಸಿಗೆ ಇಷ್ಟೊತ್ತಾ?”

“ನಿನ್ನ ಬುತ್ತಿ ಕಟ್ಟಿದ್ದೂ ಇದೇ ಕೈ. ಇರೋದು ಎರಡೇ.”

ದೀಪಕ್ಕೆ ಸೀಮೆಎಣ್ಣೆ ಇರಲಿಲ್ಲ. ಒಲೆಯ ಕೆಂಡದ ಮುಂದೆ, ಒಂದು ಕಣ್ಣು ಮಗುವಿನ ಮೇಲೆ ಒಂದು ಕಣ್ಣು ಎಸ್ತೆನ್‌ನ ಮೇಲೆ ಇಟ್ಟು ದೋರ್ದಿ ಕೊನೆಯ ಹೆಬ್ಬೆರಳನ್ನು ಮುಗಿಸಿದಳು. ಎಳೆ ಕಡಿದು ಬೆಚ್ಚಗಿದ್ದಂತೆಯೇ ಆ ಹೆಂಗಸಿನ ಕೈಗೆ ಏರಿಸಿದಳು. ಏನು ಹೆಣೆದೆನೆಂದು ತಿರುಗಿ ನೋಡಲಿಲ್ಲ.

ಎಸ್ತೆನ್ ಮೂರನೆಯ ದಿನ ಮರಳಿದ. ದಾಟಿದರು ಎಂದ. ಐದನೆಯ ದಿನ ಸಿಗ್ನೆ ಏದುಸಿರು ಬಿಡುತ್ತ ಓಡಿ ಬಂದಳು. “ಅಮ್ಮಾ, ಒಲೀನಜ್ಜಿ ಮನೆಗೆ ಜರ್ಮನರು ಬಂದವ್ರೆ!”

ದೋರ್ದಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಅವರೆಲ್ಲ ಅವಳ ಅಂಗಳಕ್ಕೇ ಬಂದಿದ್ದರು. ಇಬ್ಬರು ಸೈನಿಕರು, ಕೋಟಿಗೆ ಜರ್ಮನರ ಪರವಾದ ಪಕ್ಷದ ಬಿಲ್ಲೆ ಸಿಕ್ಕಿಸಿಕೊಂಡಿದ್ದ ಊರಿನ ದಫೇದಾರ, ನಡುವೆ ಏಪ್ರನ್ ಕೂಡ ಬಿಚ್ಚದ ಒಲೀನ. ದಫೇದಾರನ ಕೈಯಲ್ಲಿ ಒಂಟಿ ಕೈಗವಸು.

“ನಿಂಗೆ ಹಸು ವಿಷಯ ಹೇಳ್ಬೇಕು ಅಂತ ಒಲೀನಮ್ಮ ಹಟ ಹಿಡಿದ್ರು, ಅದಕ್ಕೆ ಬಂದ್ವಿ,” ಎಂದ ಅವನು, ತಪ್ಪು ಮಾಡಿದವನಂತೆ. ಆಮೇಲೆ ಗಂಟಲು ಸರಿಪಡಿಸಿಕೊಂಡ. “ಇದು ಗಡಿ ಹತ್ರ ಸಿಕ್ಕಿದ್ದು. ನೀನೂ ನೋಡಿ ಹೇಳು, ದೋರ್ದಿ. ಯಾರದ್ದು?”

ಬಿಳಿಯ ಮೇಲೆ ಮೂರು ಕರಿ ಗೀರು. ಕೋಳಿಕಾಲು. ಹೆಬ್ಬೆರಳಿನ ಬುಡದಲ್ಲಿ ಕುಣಿಕೆಗಳು ಬಾಯಿ ಬಿಟ್ಟಿದ್ದವು, ಸಣ್ಣ ಮೀನು ತಪ್ಪಿಸಿಕೊಳ್ಳುವಷ್ಟು. ದೋರ್ದಿ ಬಾಯಿ ತೆರೆದಳು.

“ಅವಳನ್ನೇನು ಕೇಳ್ತೀಯೋ?” ಒಲೀನ ನಡುವೆ ಬಾಯಿ ಹಾಕಿದಳು. “ನನ್ನ ಕೋಳಿಕಾಲು ಊರಿಗೆಲ್ಲ ಗೊತ್ತು. ನಿನ್ನ ತೊಟ್ಟಿಲ ಕೈಗವಸಿಗೂ ಅದನ್ನೇ ಹಾಕಿದ್ದೆ. ನಂದೇ ಅಂತ ಆಗಲೇ ಹೇಳಿದ್ನಲ್ಲ. ಯಾರಿಗೋ ಕೊಟ್ಟಿದ್ದೆ, ಯಾರು ಅಂತ ನೆನಪಿಲ್ಲ. ಬರೆದುಕೋ, ಹೋಗೋಣ.” ಆಮೇಲೆ ದೋರ್ದಿಯ ಕಡೆ ತಿರುಗಿದಳು. “ಹಸುವಿನ ಎಡಗಡೆ ಹಿಂದಿನ ಮೊಲೆ ಗಟ್ಟಿಯಾಗಿದೆ. ಬಿಸಿ ಬಟ್ಟೆ ಒತ್ತಿ ಆಮೇಲೆ ಕರಿ. ಕೈ ಬಿಗಿ ಇರಲಿ. ಎಷ್ಟು ಹೇಳಿದ್ರೂ ನಿನ್ನ ಕೈ ಸಡಿಲವೇ.”

ಅಷ್ಟೇ. ಕಣ್ಣು ಕೂಡ ಮಿಟುಕಿಸಲಿಲ್ಲ. ಹಿಮದಲ್ಲಿ ಅವಳ ಹೆಜ್ಜೆಗಳು ಸೈನಿಕರ ಹೆಜ್ಜೆಗಳ ನಡುವೆ ಚಿಕ್ಕದಾಗಿ ಉಳಿದವು. ಒಲೀನಳಿಗೆ ಗೊತ್ತಿತ್ತು. ಕೈಗವಸನ್ನು ಕಂಡ ಗಳಿಗೆಯಲ್ಲೇ ಅದು ಯಾರ ಕೈಯದೆಂದು ತಿಳಿದಿತ್ತು. ತಿಳಿದೇ ‘ನಂದು’ ಎಂದಿದ್ದಳು.

ಆ ಸಂಜೆ ಹಾಲ್‌ಸ್ತೇನ್ ಬಂದ. ಕೈಗವಸು ಮಾತ್ರವಲ್ಲ, ಮನುಷ್ಯರನ್ನು ಸಾಗಿಸುವುದರಲ್ಲೂ ಅವನು ಎಸ್ತೆನ್‌ನ ಜೊತೆಗಾರ. ಇಬ್ಬರೂ ಮೇಜಿನ ಮುಂದೆ ಕೂತರು. ದೋರ್ದಿ ಬಾರ್ಲಿ ನೀರು ಬಗ್ಗಿಸಿದಳು.

“ಮುದುಕಿ,” ಎಂದ ಹಾಲ್‌ಸ್ತೇನ್. “ಒಂದು ವಾರ ಇಟ್ಕೊಂಡು ಬಿಡ್ತಾರೆ. ಅವಳಿಗೆ ಏನೂ ಗೊತ್ತಿಲ್ಲ. ಗೊತ್ತಿಲ್ಲದೋಳು ಹೇಳೋದೇನಿದೆ?”

“ಅದು ನಾನು ಹೆಣೆದದ್ದು,” ಎಂದಳು ದೋರ್ದಿ.

ಹಾಲ್‌ಸ್ತೇನ್ ಕಪ್ಪು ಕೆಳಗಿಟ್ಟ.

“ಗುರುತು ಹಾಕ್ಬಾರದು ಅಂತ ಗೊತ್ತಾಗಲ್ವಾ?” ಎಸ್ತೆನ್ ಸಿಡುಕಿದ.

“ನೀನು ಹೇಳಿರ್ಲಿಲ್ಲ.”

“ಹೇಳ್ಬೇಕಾ ಅದನ್ನ?”

“ನಾನೇನು ಬೇಕು ಅಂತ ಹಾಕಿದ್ನಾ? ಕೈ ಹಾಕ್ತು. ಬೆಳಿಗ್ಗೆ ಠಾಣೆಗೆ ಹೋಗಿ ನಂದು ಅಂತೀನಿ.”

“ಹುಲ್ಲಟ್ಟದಲ್ಲಿ ನಾಲ್ಕು ಜನ ಇದ್ದಾರೆ, ದೋರ್ದಿ. ನಿನ್ನ ಹಿಂದೇನೇ ಬಂದು ಮನೆ ಜಾಲಾಡ್ತಾರೆ. ಅವರು, ನಾನು, ಇವನು, ನಿನ್ನ ಎರಡು ಮಕ್ಕಳು. ಒಂದು ಕಡೆ ಅಷ್ಟು ಜನ, ಒಂದು ಕಡೆ ಒಬ್ಬಳು.” ಎಸ್ತೆನ್‌ನ ದನಿ ಮೆತ್ತಗಾಯಿತು. “ತಾಳು. ಇವರನ್ನ ದಾಟಿಸಿ ಬಂದ್ಮೇಲೆ ನೋಡೋಣ.”

ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅದೇ ಅವಳನ್ನು ಸುಟ್ಟದ್ದು. ಮೂರು ದಿನ ತನ್ನದೂ ಒಲೀನಳದೂ ಎರಡು ಕೊಟ್ಟಿಗೆಯ ಕೆಲಸ ಮಾಡಿದಳು. ಹುಲ್ಲಟ್ಟ ಖಾಲಿಯಾದ ಮಾರನೆಯ ಬೆಳಿಗ್ಗೆ ಹಾದಿ ಅಳಿಸಿ, ಮಕ್ಕಳಿಗೆ ರೊಟ್ಟಿ ತೆಗೆದಿಟ್ಟು, ಹೆಣೆಯುವ ಕಡ್ಡಿಗಳನ್ನು ಜೇಬಿಗೆ ಹಾಕಿಕೊಂಡು ಚರ್ಚಿನ ಬಳಿಯ ಠಾಣೆಗೆ ಹೊರಟಳು. ಕಡ್ಡಿ ಯಾಕೆಂದರೆ, ನಂಬದಿದ್ದರೆ ಅವರ ಮುಂದೆಯೇ ಹೆಣೆದು ತೋರಿಸುವುದು ಎಂದುಕೊಂಡಿದ್ದಳು. ಎಸ್ತೆನ್ ಇನ್ನೂ ಬೆಟ್ಟದಲ್ಲಿದ್ದ.

ಠಾಣೆಯ ಒಳಗೆ ದಫೇದಾರನ ಹೆಂಡತಿ ಥೋರಾ ಮಂಡಿಯೂರಿ ನೆಲ ತಿಕ್ಕುತ್ತಿದ್ದಳು. ಜರ್ಮನ್ ಬೂಟುಗಳ ಕೆಸರು ಕಪ್ಪಗೆ ಹರಿಯುತ್ತಿತ್ತು.

“ಯಾರೂ ಇಲ್ಲ. ಹನ್ನೆರಡಕ್ಕೆ ಬರ್ತಾರೆ,” ಎಂದಳು ತಲೆಯೆತ್ತದೆ. ಎತ್ತಿ ನೋಡಿ ಬ್ರಷ್ ಕೆಳಗಿಟ್ಟಳು. “ದೋರ್ದಿ.”

“ಕಾಯ್ತೀನಿ.”

ಥೋರಾ ಮಂಡಿಯ ಮೇಲೆಯೇ ಹತ್ತಿರ ಬಂದಳು. “ನಾನು ಬೇಕು ಅಂತ ಹೇಳಲಿಲ್ಲ ಕಣೇ. ಇವರು ಒದ್ದೆ ಕೈಗವಸು ತಂದು ಒಲೆ ಮೇಲೆ ಒಣಗೋಕೆ ಹಾಕಿದ್ರು. ನಾನು ಹಿಟ್ಟು ಕಲೆಸ್ತಿದ್ದೆ. ‘ಓ, ಒಲೀನಮ್ಮನ ಕೋಳಿಕಾಲು, ಎಲ್ಲಿ ಸಿಕ್ತು’ ಅಂದೆ. ಅಷ್ಟೇ ಅಂದಿದ್ದು. ಯಾರಾದ್ರೂ ಅನ್ನಲ್ವಾ? ನೀನಾದ್ರೂ ಅಂತಿರ್ಲಿಲ್ವಾ?”

ದೋರ್ದಿಯೂ ಅನ್ನುತ್ತಿದ್ದಳು. ಆ ಕಣಿವೆಯ ಯಾವ ಹೆಂಗಸಾದರೂ ಅನ್ನುತ್ತಿದ್ದಳು.

“ಆಮೇಲೆ ತಿರುಗಿಸಿ ನೋಡಿದೆ,” ಥೋರಾ ದನಿ ತಗ್ಗಿಸಿದಳು. “ಒಲೀನಮ್ಮನ ಕೈ ಬಿಗಿ. ಅದರೊಳಗೆ ಬೆರಳು ತೂರುತ್ತೆ. ಯಾರದ್ದು ಅಂತ ನಂಗೆ ತಿಳೀತು. ಇವರಿಗೆ ಹೇಳಲಿಲ್ಲ. ಗಂಡಸರಿಗೆ ಅದೆಲ್ಲ ಕಾಣಲ್ಲ.”

“ಹಾಗಾದ್ರೆ ನೀನೇ ಹೇಳು ನನ್ನ ಜೊತೆ. ಅವರನ್ನ ಬಿಡ್ತಾರೆ.”

“ಎಲ್ಲಿಂದ ಬಿಡ್ತಾರೆ? ನಿನ್ನೆ ಬೆಳಿಗ್ಗೆ ಕೈದಿಗಳ ಶಿಬಿರಕ್ಕೆ ಸಾಗಿಸಿದ್ರು. ಯಾರು ಕೇಳಿದ್ರೂ ‘ನಂದೇ’ ಅಂತ ಅಂದಿದ್ದೇ ಅಂದಿದ್ದು. ಈಗ ನೀನೂ ನಂದು ಅಂದ್ರೆ, ಇಬ್ರೂ ಕೂಡಿಕೊಂಡಿದ್ದೀರ ಅಂತ ನಿನ್ನನ್ನೂ ಅಲ್ಲಿಗೇ ಕಳಿಸ್ತಾರೆ. ಹೋದೋರು ವಾಪಸ್ ಬರಲ್ಲ.” ಬ್ರಷ್ ಎತ್ತಿಕೊಂಡಳು. “ಅಲ್ಲಿ ನಿಲ್ಲಬೇಡ, ತಿಕ್ಕಿದೀನಿ. ಹಸು ಕರೆದು ಬಂದಿದ್ಯಾ?”

ಕರೆದಿರಲಿಲ್ಲ. ನಸುಕಿನಲ್ಲಿ ತನ್ನ ಹಸುಗಳನ್ನು ಕರೆದಿದ್ದಳು, ಒಲೀನಳದನ್ನು ಬಿಟ್ಟು ಬಂದಿದ್ದಳು. ಆ ಗಟ್ಟಿ ಮೊಲೆ ನೆನಪಾಯಿತು. ಹನ್ನೆರಡು ಗಂಟೆಯವರೆಗೆ ಕಾದರೆ ಹಾಲು ಕಟ್ಟಿ ಬಾವು ಏರುತ್ತದೆ. ಚಿಕ್ಕವಳು ಎದ್ದಿರುತ್ತಾಳೆ. ಒಲೆ ಆರಿರುತ್ತದೆ. ದೋರ್ದಿ ತೊಳೆದ ನೆಲದ ಅಂಚಿನಲ್ಲಿ ಜೇಬಿನ ಕಡ್ಡಿಗಳನ್ನು ಹಿಡಿದು ನಿಂತಿದ್ದಳು. ಆಮೇಲೆ ತಿರುಗಿ ಮನೆಗೆ ನಡೆದಳು. ಬಟ್ಟೆ ಬಿಸಿ ಮಾಡಿ ಮೊಲೆಗೆ ಒತ್ತಿ, ಹಾಲು ಕರೆದಳು. ಹೆದರಿ ಬಂದೆನೋ, ಮಕ್ಕಳಿಗಾಗಿ ಬಂದೆನೋ, ಹಸುವಿಗಾಗಿ ಬಂದೆನೋ ಎಂದು ಮುಂದೆ ಬದುಕಿದಷ್ಟು ವರ್ಷ ಕೇಳಿಕೊಂಡಳು. ಒಂದೊಂದು ದಿನ ಒಂದೊಂದು ಉತ್ತರ ಬಂತು. ಯಾವುದೂ ಮಾರನೆಯ ದಿನದವರೆಗೆ ಬಾಳಲಿಲ್ಲ.

ಮಾರ್ಚಿನಲ್ಲಿ ಒಲೀನ ಶಿಬಿರದಲ್ಲಿ ಸತ್ತಳು. ಎದೆಯಲ್ಲಿ ಕಫ ಕಟ್ಟಿ, ಎಂದು ಕಾಗದದಲ್ಲಿತ್ತು. ಬೇರೆ ಬಂಧುಗಳಿಲ್ಲದ್ದರಿಂದ ಬಟ್ಟೆಯ ಗಂಟು ಪಕ್ಕದ ಮನೆಗೆ ಬಂತು. ಏಪ್ರನ್, ಲಂಗ, ಒಂದು ಜೊತೆ ಕಾಲುಚೀಲ. ದೋರ್ದಿ ಬಾಗಿಲು ಹಾಕಿಕೊಂಡು ಪ್ರತಿಯೊಂದು ಅಂಚಿನ ಹೊಲಿಗೆಯನ್ನು ಬಿಚ್ಚಿ ನೋಡಿದಳು. ಒಂದು ಚೀಟಿ, ಒಂದು ಬೈಗುಳ, ಒಂದು ಗಂಟು ಹಾಕಿದ ಎಳೆ, ಏನಾದರೂ ಇರಬಹುದು. ಏನೂ ಇರಲಿಲ್ಲ. ಕಾಲುಚೀಲದ ಹಿಮ್ಮಡಿಗೆ ಬೂದು ದಾರದಲ್ಲಿ ತೇಪೆ ಹಾಕಿತ್ತು. ಬಿಗಿಯಾಗಿತ್ತು, ಚೊಕ್ಕವಾಗಿತ್ತು. ಸಾಯುವ ವಾರದಲ್ಲೂ ಹಿಮ್ಮಡಿ ತೂತು ಬಿದ್ದರೆ ತೇಪೆ ಹಾಕಬೇಕಲ್ಲ. ಬಿಚ್ಚಿದ ಅಂಚುಗಳನ್ನೆಲ್ಲ ಅವಳು ಮತ್ತೆ ಹೊಲಿದಳು. ಆ ದಿನವೂ ಸಂಜೆ ಎರಡು ಕೊಟ್ಟಿಗೆ ಇದ್ದವು.

ಯುದ್ಧ ಮುಗಿಯಿತು. ಎಸ್ತೆನ್ ಸಿಕ್ಕಿಬೀಳಲಿಲ್ಲ. ಆ ಪಟ್ಟಣದ ಹೆಂಗಸು ಹೇಗೋ ಹೆಸರು ಪತ್ತೆ ಮಾಡಿ ಸ್ವೀಡನ್ನಿನಿಂದ ಅವನಿಗೆ ಒಂದು ಕಾಗದ ಬರೆದಳು. ‘ನಿಮ್ಮ ಧೈರ್ಯವನ್ನು ನಾನೂ ನನ್ನ ಮಗಳೂ ಮರೆಯುವುದಿಲ್ಲ. ನಿಮ್ಮ ಮನೆಯವರಲ್ಲಿ ನಾನು ಕ್ಷಮೆ ಕೇಳಿದೆನೆಂದು ತಿಳಿಸಿ. ಮಗುವಿನ ಬಾಯಿಗೆ ನಿದ್ದೆಯ ಮದ್ದಿನ ಹನಿ ಬಿಡಲು ಒಂದು ಕೈಗವಸು ಕಳಚಿದ್ದೆ, ಅದು ಎಲ್ಲೋ ಬಿದ್ದುಹೋಯಿತು. ಇನ್ನೊಂದು ನನ್ನ ಬಳಿ ಭದ್ರವಾಗಿದೆ.’ ಎಸ್ತೆನ್ ಗಟ್ಟಿಯಾಗಿ ಓದಿದ. ಓದಿ ಮುಗಿಸಿ ಮೆಲ್ಲಗೆ ಮಡಿಚಿಟ್ಟ. 

ಎರಡು ವರ್ಷದ ಮೇಲೆ ಚರ್ಚಿನ ಮುಂದೆ ಯುದ್ಧದಲ್ಲಿ ಸತ್ತವರ ನೆನಪಿಗೆ ಕಲ್ಲು ನಿಲ್ಲಿಸಿದರು. ಅದರ ಮೇಲೆ ನಾಲ್ಕು ಹೆಸರು, ನಾಲ್ಕೂ ಗಂಡಸರದು. ಬದುಕಿದ್ದವರಿಗೆ ರಾಜಧಾನಿಯಿಂದ ಸನ್ನದು ಬಂದಿತ್ತು. ಎಸ್ತೆನ್‌ಗೂ ಒಂದು, ಹಾಲ್‌ಸ್ತೇನ್‌ಗೂ ಒಂದು. ಆಮೇಲೆ ಊರಿನ ಸಭಾಮನೆಯಲ್ಲಿ ಕಾಫಿ. ಏಳು ವರ್ಷದ ಮೇಲೆ ನಿಜವಾದ ಕಾಫಿ. ಹೆಂಗಸರು ಬೆಳಗಿನಿಂದ ಬೇಯಿಸಿದ್ದರು. ದೋರ್ದಿ ಕೆಟಲ್ ಹಿಡಿದು ಉದ್ದನೆಯ ಮೇಜಿನ ಸುತ್ತ ಬಗ್ಗಿಸುತ್ತಿದ್ದಳು.

“ಕಲ್ಲಿನ ಮೇಲೆ ಒಲೀನಮ್ಮನ ಹೆಸರಿಲ್ಲ,” ಎಂದಳು, ಕಲ್ಲು ನಿಲ್ಲಿಸಿದ ಸಮಿತಿಯಲ್ಲಿದ್ದ ಮೇಷ್ಟರ ಬಳಿ ನಿಂತು.

“ಪಾಪ, ಮುದುಕಿ. ಆದ್ರೆ ಆಕೆ ಏನೂ ಮಾಡಿರ್ಲಿಲ್ಲವಲ್ಲಮ್ಮ. ತಪ್ಪಾಗಿ ಸಿಕ್ಕಿಹಾಕ್ಕೊಂಡವರು. ಕಲ್ಲು ಇರೋದು ಹೋರಾಡಿದವರಿಗೆ.”

ಕೆಟಲ್ ಭಾರವಾಗಿತ್ತು. ಮೇಜಿನ ಆ ತುದಿಯಿಂದ ಎಸ್ತೆನ್ ಅವಳನ್ನೇ ನೋಡುತ್ತಿದ್ದ. 

“ಆ ಕೈಗವಸು ನಾನು ಹೆಣೆದದ್ದು,” ಎಂದಳು ದೋರ್ದಿ. ಮೇಜಿನವರೆಲ್ಲ ಕೇಳುವಷ್ಟು ಜೋರಾಗಿ. “ಕೋಳಿಕಾಲು ನನ್ನ ಕೈಯಿಂದ ಬಿದ್ದಿದ್ದು. ಒಲೀನಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೇ ನಂದು ಅಂದ್ರು. ನಾನು ಬಾಯಿ ಮುಚ್ಕೊಂಡಿದ್ದೆ. ತಪ್ಪಾಗಿ ಸಿಕ್ಕಿದ್ದಲ್ಲ ಅವರು.”

ಚಮಚಗಳ ಸದ್ದು ನಿಂತಿತು. ಹಾಲ್‌ಸ್ತೇನ್ ಮೇಜಿನ ಬಟ್ಟೆಯ ಅಂಚನ್ನು ನೋಡಿದ. ಮೇಷ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯಾರೋ ಕೆಮ್ಮಿದರು. ಆಮೇಲೆ ಅವಳ ಪಕ್ಕದಲ್ಲೇ ಕೂತಿದ್ದವನೊಬ್ಬ, ಒಳ್ಳೆಯ ಮನುಷ್ಯ, ಅವಳ ಮೇಲಿನ ಕನಿಕರಕ್ಕೇ ಇರಬೇಕು, ಕಪ್ಪು ಮುಂದೆ ಚಾಚಿದ.

“ಇನ್ನೊಂದು ಸ್ವಲ್ಪ ಸಿಗುತ್ತಾ, ದೋರ್ದಿ? ಕಾಫಿ ತುಂಬಾ ಚೆನ್ನಾಗಿದೆ.”

ಅವಳು ಬಗ್ಗಿಸಿದಳು. ಮಾತು ಮತ್ತೆ ಶುರುವಾಯಿತು, ಆ ವರ್ಷದ ಹುಲ್ಲಿನ ಬಗ್ಗೆ.

ಹಿಂದಿನ ಕೋಣೆಯಲ್ಲಿ ಥೋರಾ ತೊಟ್ಟಿಯ ಮುಂದೆ ನಿಂತಿದ್ದಳು. ಗಂಡ ಜೈಲಿನಲ್ಲಿದ್ದ. ಊರು ಅವಳನ್ನು ಮಾತಾಡಿಸುತ್ತಿರಲಿಲ್ಲ, ಪಾತ್ರೆ ತೊಳೆಯಲು ಮಾತ್ರ ಕರೆಯುತ್ತಿತ್ತು. ದೋರ್ದಿ ಖಾಲಿ ಕೆಟಲ್ ಇಟ್ಟು, ಅಂಗಿಯ ತೋಳು ಮಡಿಚಿ, ಅವಳ ಪಕ್ಕ ನಿಂತು ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ನಲವತ್ತು ಕಪ್ಪು, ನಲವತ್ತು ತಟ್ಟೆ.

ಹತ್ತು ಕಪ್ಪು ಒರೆಸಿ ಜೋಡಿಸಿದ್ದಾಯಿತು.

“ಹೇಳಿದ್ಯಾ?” ಎಂದಳು ಥೋರಾ.

“ಹೇಳಿದೆ.”

“ಏನಂದ್ರು?”

“ಕಾಫಿ ಕೇಳಿದ್ರು.”

ಥೋರಾ ಮುಂದಿನ ಕಪ್ಪನ್ನು ನೀರಿನಿಂದೆತ್ತಿ ಅವಳ ಕೈಗೆ ಕೊಟ್ಟಳು.